ವಿಶೇಷ ವಿವಾಹವೂ ಮೂವತ್ತು ದಿನಗಳ ನೋಟೀಸೂ

ಪ್ರಾಪ್ತವಯಸ್ಕರಾದ ಸ್ತ್ರೀಪುರುಷರಿಬ್ಬರು ತಮ್ಮ ಸ್ವಂತ ಇಚ್ಛೆಯಿಂದ ವಿವಾಹವಾಗಲು ನಿಶ್ಚಯಿಸಿದರೆ, ಅದಕ್ಕೆ ತಂದೆತಾಯಿಗಳ ಸಮ್ಮತಿಯಾಗಲಿ, ಕುಲಬಾಂಧವರ ಅನುಮೋದನೆಯಾಗಲಿ, ಇಬ್ಬರಲ್ಲೊಬ್ಬರ ಮತಾಂತರವಾಗಲಿ ನಮ್ಮ ಕಾನೂನಿಗೆ ಬೇಕಿಲ್ಲವೆಂಬುದು ನಿರ್ವಿವಾದವಾದ ಸಂಗತಿ. ಆದರೆ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಲ್ಲಿ ಘೋಷಿತವಾದ ಹಕ್ಕು ಸಬ್ ರಿಜಿಸ್ಟ್ರಾರ್ ಕಚೇರಿಯ ಮೇಜಿನ ಮುಂದೆ ನಿಂತವರ ಕೈಗೆ ದೊರೆಯಬೇಕಾದರೆ, ಅಧಿಕಾರಿಯು ಏನನ್ನು ಕೇಳಬಹುದು, ಏನನ್ನು ಕೇಳಕೂಡದು ಎಂಬುದನ್ನು ಅವರು ಮೊದಲೇ ಅರಿತಿರಬೇಕಾಗುತ್ತದೆ.

ಇಂಥ ವಿವಾಹಗಳಿಗೆ ಆಧಾರವಾದುದು 1954ರ ವಿಶೇಷ ವಿವಾಹ ಅಧಿನಿಯಮ. ಇದಕ್ಕೆ ಪೂರ್ವಜವೊಂದುಂಟು. ಬ್ರಾಹ್ಮಸಮಾಜದ ಕೇಶವಚಂದ್ರ ಸೇನರ ಪ್ರಯತ್ನದ ಫಲವಾಗಿ 1872ರಲ್ಲಿ ಬಂದ ಶಾಸನವು, ವಧೂವರರು ತಾವು ಹಿಂದೂ, ಮುಸಲ್ಮಾನ, ಕ್ರೈಸ್ತ ಮೊದಲಾದ ಯಾವ ಮತಕ್ಕೂ ಸೇರಿದವರಲ್ಲವೆಂದು ಹೇಳಿಕೆ ಕೊಡಬೇಕೆಂದು ವಿಧಿಸಿತ್ತು. 1923ರ ತಿದ್ದುಪಡಿಯು ಹಿಂದೂ, ಬೌದ್ಧ, ಸಿಖ್, ಜೈನರಿಗೆ ಮಾತ್ರ ಈ ನಿರ್ಬಂಧವನ್ನು ಸಡಿಲಿಸಿತು. ಯಾರೂ ತಮ್ಮ ಮತವನ್ನು ತೊರೆಯದೆ, ಯಾರನ್ನು ಬೇಕಾದರೂ ವರಿಸಬಹುದೆಂಬ ಸ್ಥಿತಿ ಬಂದದ್ದು ಸ್ವಾತಂತ್ರ್ಯಾನಂತರದ ಈ ಶಾಸನದಿಂದಲೇ.

ಇದರ ನಾಲ್ಕನೆಯ ಕಲಮಿನ ನಿಬಂಧನೆಗಳು ಸ್ವಲ್ಪವೇ: ಇಬ್ಬರಿಗೂ ಜೀವಂತ ಪತಿ ಅಥವಾ ಪತ್ನಿ ಇರಕೂಡದು, ಒಪ್ಪಿಗೆ ಕೊಡಲು ತಕ್ಕ ಮನಃಸ್ವಾಸ್ಥ್ಯವಿರಬೇಕು, ವರನಿಗೆ 21, ವಧುವಿಗೆ 18 ವರ್ಷ ತುಂಬಿರಬೇಕು, ನಿಷಿದ್ಧ ಬಾಂಧವ್ಯದೊಳಗೆ ಬರಕೂಡದು. ಕೊನೆಯದನ್ನು ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕು. ಸೋದರಮಾವನಿಗೆ ಹೆಣ್ಣು ಕೊಡುವುದೂ ಸೋದರತ್ತೆಯ ಮಗನನ್ನು ಅಳಿಯನಾಗಿ ಮಾಡಿಕೊಳ್ಳುವುದೂ ಕನ್ನಡನಾಡಿನ ಎಷ್ಟೋ ಮನೆಗಳಲ್ಲಿ ರೂಢಿಯಾಗಿದ್ದರೂ, ಈ ಅಧಿನಿಯಮದ ಪಟ್ಟಿಯಲ್ಲಿ ಅವೆರಡೂ ನಿಷಿದ್ಧ. ರೂಢಿಯ ಆಧಾರದ ಮೇಲೆ ವಿನಾಯಿತಿ ಕೇಳುವವರ ಬೆಂಬಲಕ್ಕೆ ಅಜ್ಜಿಯ ಮಾತು ಸಾಲದು. ರಾಜ್ಯಪತ್ರದಲ್ಲಿ ಪ್ರಕಟವಾದ ಸರ್ಕಾರದ ಅಧಿಸೂಚನೆಯೇ ಬೇಕು. ಭಿನ್ನ ಮತೀಯರಿಗೆ ಅಷ್ಟು ಉದಾರವಾದ ಶಾಸನವು ರಕ್ತಸಂಬಂಧದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವುದು ಕುತೂಹಲಕರವಲ್ಲವೆ?

ವಿಧಾನವು ಲಿಖಿತ ನೋಟೀಸಿನಿಂದ ಆರಂಭವಾಗುತ್ತದೆ. ಇಬ್ಬರಲ್ಲೊಬ್ಬರಾದರೂ ಹಿಂದಿನ ಮೂವತ್ತು ದಿನಗಳಿಗೆ ಕಡಮೆಯಿಲ್ಲದಂತೆ ವಾಸವಾಗಿರುವ ಜಿಲ್ಲೆಯ ವಿವಾಹಾಧಿಕಾರಿಗೆ ಅದನ್ನು ಸಲ್ಲಿಸಬೇಕು. ಕರ್ನಾಟಕದಲ್ಲಿ ಈ ಅಧಿಕಾರ ಉಪನೋಂದಣಾಧಿಕಾರಿಗಳಿಗೆ ಸೇರಿದುದು. ಅವರು ಅದನ್ನು ಪುಸ್ತಕದಲ್ಲಿ ದಾಖಲಿಸಿ, ಪ್ರತಿಯನ್ನು ಕಚೇರಿಯಲ್ಲಿ ಎದ್ದುಕಾಣುವ ಕಡೆ ಅಂಟಿಸುತ್ತಾರೆ. ಹೆಸರು, ವಯಸ್ಸು, ವೃತ್ತಿ, ವಿಳಾಸಗಳೆಲ್ಲ ಅದರಲ್ಲಿದ್ದು, ಆಸ್ತಿಪತ್ರದ ಕೆಲಸಕ್ಕೆಂದು ಬಂದು ಬೆಂಚಿನ ಮೇಲೆ ಕುಳಿತವರು ಹೊತ್ತು ಕಳೆಯಲೆಂದು ಓದಿಹೋಗಬಹುದು. ಒಬ್ಬರು ಬೇರೆ ಜಿಲ್ಲೆಯ ಖಾಯಂ ನಿವಾಸಿಯಾದರೆ ಅಲ್ಲಿನ ಅಧಿಕಾರಿಗೂ ಒಂದು ಪ್ರತಿ ಹೋಗುತ್ತದೆ. ಆದರೆ ತಂದೆತಾಯಿಗಳ ಮನೆಗೆ ಅಂಚೆಯಲ್ಲಿ ಕಳುಹಿಸಬೇಕೆಂದು ಅಧಿನಿಯಮವು ಎಲ್ಲಿಯೂ ಹೇಳಿಲ್ಲ. ಹಾಗೆ ಕಳುಹಿಸುತ್ತೇವೆಂದರೆ ಯಾವ ಕಲಮಿನ ಪ್ರಕಾರವೆಂದು ವಿನಯದಿಂದಲೇ ಕೇಳಬಹುದು.

ಪ್ರಕಟಣೆಯಾದ ಮೂವತ್ತು ದಿನಗಳೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಆದರೆ ಅದು ಮೇಲೆ ಹೇಳಿದ ನಿಬಂಧನೆಗಳ ಉಲ್ಲಂಘನೆಯ ವಿಷಯವಾಗಿರಬೇಕು. ಜಾತಿ ಬೇರೆ, ಮತ ಬೇರೆ, ಮನೆಯವರು ಒಪ್ಪಿಲ್ಲ ಎಂಬವು ಕಾನೂನಿನ ದೃಷ್ಟಿಯಲ್ಲಿ ಆಕ್ಷೇಪಣೆಗಳೇ ಅಲ್ಲ. ಅಧಿಕಾರಿಯು ಮೂವತ್ತು ದಿನಗಳಲ್ಲಿ ವಿಚಾರಣೆ ಮುಗಿಸಬೇಕು. ಅವರು ನಿರಾಕರಿಸಿದರೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಲು ಮತ್ತೆ ಮೂವತ್ತು ದಿನಗಳ ಅವಕಾಶವಿದೆ. ಸಕಾರಣವಲ್ಲದ ಆಕ್ಷೇಪಣೆಗೆ ವಿಧಿಸಬಹುದಾದ ಗರಿಷ್ಠ ವೆಚ್ಚ 1,000 ರೂಪಾಯಿ. 1954ರಲ್ಲಿ ಅದು ದೊಡ್ಡ ಮೊತ್ತ, ಇಂದು ಯಾವ ಕಿಡಿಗೇಡಿಯನ್ನೂ ಅಂಜಿಸಲಾರದು. ನೋಟೀಸು ಕೊಟ್ಟು ಮೂರು ತಿಂಗಳೊಳಗೆ ಮದುವೆ ನಡೆಯದಿದ್ದರೆ ಹೊಸ ನೋಟೀಸು ಬೇಕು. ಮದುವೆಯ ದಿನ ಮೂವರು ಸಾಕ್ಷಿಗಳೊಡನೆ ಘೋಷಣಾಪತ್ರಕ್ಕೆ ಸಹಿ ಮಾಡಿ, ಅಧಿಕಾರಿಯ ಎದುರಿನಲ್ಲಿ ತಮಗೆ ತಿಳಿಯುವ ಭಾಷೆಯಲ್ಲಿ ಒಬ್ಬರನ್ನೊಬ್ಬರು ಸ್ವೀಕರಿಸಿದೆವೆಂದು ಹೇಳಿದರೆ ಸಾಕು. ಆಮೇಲೆ ದೊರೆಯುವ ಪ್ರಮಾಣಪತ್ರವೇ ವಿವಾಹಕ್ಕೆ ನಿರ್ಣಾಯಕ ಸಾಕ್ಷ್ಯ.

ಮನೆಯವರು ಠಾಣೆಯಲ್ಲಿ ನಾಪತ್ತೆ ದೂರು ಕೊಡುವುದು ಸಾಮಾನ್ಯ. ಬೆಳಗಾವಿ ಜಿಲ್ಲೆಯ ಮುರಗೋಡು ಠಾಣೆಯಲ್ಲಿ ತಂದೆಯೊಬ್ಬರು ಇಂಥ ದೂರು ಕೊಟ್ಟಿದ್ದ ಪ್ರಕರಣದಲ್ಲಿ, ಮಗಳು ವಿವಾಹ ಪ್ರಮಾಣಪತ್ರವನ್ನು ಕಳುಹಿಸಿಕೊಟ್ಟರೂ ತನಿಖಾಧಿಕಾರಿಯು ಆಕೆ ಠಾಣೆಗೇ ಬಂದು ಹೇಳಿಕೆ ಕೊಡಬೇಕೆಂದು ಪಟ್ಟುಹಿಡಿದಿದ್ದರು. 2021ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಎಫ್‌ಐಆರ್ ರದ್ದುಪಡಿಸಿ, ಇಬ್ಬರು ವಯಸ್ಕರು ಒಪ್ಪಿದ ಮೇಲೆ ಕುಟುಂಬದ, ಕುಲದ ಸಮ್ಮತಿ ಬೇಕಿಲ್ಲವೆಂದು ಹೇಳಿ, ಪೊಲೀಸರಿಗೆ ಈ ಬಗೆಯ ಪ್ರಕರಣಗಳಲ್ಲಿ ತರಬೇತಿ ಕೊಡಬೇಕೆಂದು ಸೂಚಿಸಿತು. ಬೆದರಿಕೆಯಿದ್ದರೆ ಲಿಖಿತವಾಗಿ ರಕ್ಷಣೆ ಕೇಳಬೇಕು, ಸ್ವೀಕೃತಿ ಪಡೆಯಬೇಕು. ಮಹಿಳೆಯರಿಗೆ ಆದಾಯವೆಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ದೊರೆಯುತ್ತಾರೆ, ಸಹಾಯವಾಣಿ 15100.

ಆಸ್ತಿಯ ಭಯವೂ ಒಂದುಂಟು. ಅವಿಭಕ್ತ ಕುಟುಂಬದ ಹಿಂದೂ ಒಬ್ಬನು ಅನ್ಯಮತೀಯಳನ್ನು ಈ ಅಧಿನಿಯಮದಂತೆ ವರಿಸಿದರೆ ಕಾನೂನಿನ ದೃಷ್ಟಿಯಲ್ಲಿ ಆ ಕುಟುಂಬದಿಂದ ಬೇರ್ಪಡುತ್ತಾನೆ. ಇದನ್ನೇ ಹಿಡಿದು ಭಾಗ ಸಿಗದೆಂದು ಹೆದರಿಸುವವರಿದ್ದಾರೆ. ಬೇರ್ಪಡುವುದೆಂದರೆ ಪಾಲು ನಷ್ಟವಾಗುವುದಲ್ಲ, ಪಾಲು ಬೇರೆಯಾಗುವುದು. ಮುಂದೆ ಅವನ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮ ಅನ್ವಯಿಸುತ್ತದೆ. ವಧೂವರರಿಬ್ಬರೂ ಹಿಂದೂಗಳಾದರೆ, ಜಾತಿ ಭಿನ್ನವಾದರೂ, 1976ರ ತಿದ್ದುಪಡಿಯಿಂದಾಗಿ ಈ ಬೇರ್ಪಡಿಕೆಯೂ ಇಲ್ಲ.

ವಿವಾಹವಿಲ್ಲದೆ ಸಹಜೀವನ ನಡೆಸುವುದು ಅಪರಾಧವಲ್ಲ. ವಿವಾಹಸದೃಶವಾದ ಸಂಬಂಧದಲ್ಲಿರುವ ಸ್ತ್ರೀಗೆ 2005ರ ಕೌಟುಂಬಿಕ ಹಿಂಸಾಚಾರ ಅಧಿನಿಯಮದ ರಕ್ಷಣೆಯುಂಟು. ಸಮಲಿಂಗಿಗಳ ಪಾಲಿಗೆ ವಿವಾಹದ ಬಾಗಿಲು ಇನ್ನೂ ತೆರೆದಿಲ್ಲ. ಸಂವಿಧಾನವು ಅವರಿಗೆ ವಿವಾಹದ ಹಕ್ಕನ್ನು ಕೊಟ್ಟಿಲ್ಲವೆಂದೂ ಕಾನೂನು ರಚನೆ ಶಾಸನಸಭೆಗೆ ಬಿಟ್ಟ ವಿಷಯವೆಂದೂ ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್ 17ರಂದು ತೀರ್ಮಾನಿಸಿತು. ಆದರೆ ಅವರು ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿಯಾಗಿ ಹೆಸರಿಸಲು ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯವು 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ನಾಮಿನಿಯಾದ ಮಾತ್ರಕ್ಕೆ ವಾರಸುದಾರರಾಗುವುದಿಲ್ಲವಾದುದರಿಂದ, ಇಬ್ಬರು ಸಾಕ್ಷಿಗಳ ಸಹಿಯಿರುವ ಉಯಿಲನ್ನೂ ಬರೆದಿಡುವುದು ಕ್ಷೇಮ.