ಗ್ರೂಪಿಗೆ ಬಂದ ಪಿಡಿಎಫ್ ಮುಂದೆ ಕಳಿಸಬಹುದೇ?

ಪರೀಕ್ಷೆ ಹತ್ತಿರ ಬಂತೆಂದರೆ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಗೈಡುಗಳ ಪಿಡಿಎಫ್ ಹರಿದಾಡುತ್ತವೆ. ಪುಸ್ತಕದ ಬೆಲೆ ಎಲ್ಲರ ಕೈಗೆ ಎಟುಕುವುದಿಲ್ಲ, ನಿಜ. ಬರೆದವರಿಗೂ ಪ್ರಕಟಿಸಿದವರಿಗೂ ಹಕ್ಕಿದೆ ಎಂಬುದೂ ಅಷ್ಟೇ ನಿಜ. ಇವೆರಡರ ನಡುವಿನ ಗೆರೆ ಎಲ್ಲಿದೆ?

ದೆಹಲಿಯ ಪ್ರಕರಣ

ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು ಪಠ್ಯಕ್ರಮಕ್ಕೆ ಬೇಕಾದ ಅಧ್ಯಾಯಗಳನ್ನು ಆರಿಸಿ ಕೊಡುತ್ತಿದ್ದರು. ಆವರಣದಲ್ಲಿದ್ದ ರಾಮೇಶ್ವರಿ ಝೆರಾಕ್ಸ್ ಅಂಗಡಿ ಅವುಗಳ ಪ್ರತಿ ತೆಗೆದು ವಿದ್ಯಾರ್ಥಿಗಳಿಗೆ ಕೊಡುತ್ತಿತ್ತು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು ಅಂಗಡಿ ಮತ್ತು ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿದವು. ವಿದ್ಯಾರ್ಥಿಗಳು, ಅಧ್ಯಾಪಕರು ಸಂಘ ಕಟ್ಟಿಕೊಂಡು ತಾವೂ ನ್ಯಾಯಾಲಯದಲ್ಲಿ ವಾದಿಸಿದರು.

2016ರ ಸೆಪ್ಟೆಂಬರ್ 16ರಂದು ದೆಹಲಿ ಹೈಕೋರ್ಟ್ ದಾವೆಯನ್ನು ವಜಾ ಮಾಡಿತು. ಆಧಾರ, 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ: ಬೋಧನೆಯ ಭಾಗವಾಗಿ ಪ್ರತಿ ಮಾಡುವುದು ಉಲ್ಲಂಘನೆಯಲ್ಲ. ಡಿಸೆಂಬರಿನಲ್ಲಿ ವಿಭಾಗೀಯ ಪೀಠವೂ ಪುಟಗಳ ಲೆಕ್ಕಕ್ಕಿಂತ ಪಾಠಕ್ಕೆ ಅದು ಅಗತ್ಯವೇ ಎಂಬುದೇ ಮುಖ್ಯ ಎಂದಿತು. 2017ರಲ್ಲಿ ಪ್ರಕಾಶಕರು ದಾವೆ ಹಿಂಪಡೆದರು.

ದೂರು ಬಂದರೆ

ಅಮೆರಿಕದಲ್ಲಿ ಫೈಲ್ ಹಂಚಿಕೆಯ ದೂರು ಕಾಲೇಜಿಗೆ ಬಂದರೆ, ಆ ಸಂಪರ್ಕ ಬಳಸಿದ ವಿದ್ಯಾರ್ಥಿಗೆ ಎಚ್ಚರಿಕೆ ಹೋಗುತ್ತದೆ. ಮರುಕಳಿಸಿದರೆ ಇಂಟರ್‌ನೆಟ್ ಕಡಿತವಾಗಬಹುದು. ಈ ಕುರಿತು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ತಿಳಿಸಬೇಕೆಂದು ಅಲ್ಲಿನ 2008ರ ಕಾನೂನು ಹೇಳುತ್ತದೆ. ನಮ್ಮ 2013ರ ನಿಯಮಗಳ ಪ್ರಕಾರ, ಬೇರೆಯವರು ಹಾಕಿದ ಫೈಲಿಗೆ ತಾತ್ಕಾಲಿಕ ಜಾಗ ಅಥವಾ ಲಿಂಕ್ ಒದಗಿಸಿದವರು ಲಿಖಿತ ದೂರು ಸರಿಯೆನಿಸಿದರೆ 36 ಗಂಟೆಯೊಳಗೆ ಅದನ್ನು ತಡೆಯಬೇಕು. ದೂರುದಾರರು 21 ದಿನದೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಅಂದರೆ ದೂರು ಬಂದ ಮಾತ್ರಕ್ಕೆ ತಪ್ಪು ಸಾಬೀತಾಗುವುದಿಲ್ಲ.

ನಾವು ನೆನಪಿಡಬೇಕಾದದ್ದು

1. ಉಪನ್ಯಾಸಕರು ಪಾಠಕ್ಕೆಂದು ಕೊಟ್ಟ ಪುಟಗಳನ್ನು ಪ್ರತಿ ಮಾಡಿಕೊಳ್ಳಲು ಅಂಜಬೇಕಿಲ್ಲ.

2. ಮಾರಾಟಕ್ಕಿರುವ ಇಡೀ ಗೈಡನ್ನು ಸ್ಕ್ಯಾನ್ ಮಾಡಿ ಊರಿಗೆಲ್ಲ ಹಂಚಲು ದೆಹಲಿಯ ತೀರ್ಪು ಪರವಾನಗಿಯಲ್ಲ. ಹಣಕ್ಕಾಗಿ ಹಾಗೆ ಮಾಡುವವರನ್ನು ಕರ್ನಾಟಕ 2014ರಲ್ಲಿ ಗೂಂಡಾ ಕಾಯ್ದೆಯ ವ್ಯಾಪ್ತಿಗೂ ತಂದಿದೆ.

3. ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಕೃತಿ ಎಲ್ಲರದು. ಶಿಶುನಾಳ ಶರೀಫರ (1819–1889) ಪದಗಳನ್ನು ಯಾರೂ ಅಚ್ಚು ಹಾಕಬಹುದು, ಹಾಡಬಹುದು. ಇತ್ತೀಚೆಗೆ ಇನ್ನೊಬ್ಬರು ಹಾಡಿದ ಧ್ವನಿಮುದ್ರಣದ ಹಕ್ಕು ಬೇರೆ.

4. ಎನ್‌ಸಿಇಆರ್‌ಟಿ ಪಠ್ಯಪುಸ್ತಕಗಳು ಅದರ ಜಾಲತಾಣದಲ್ಲೇ ಉಚಿತವಾಗಿವೆ. ಬೇರೆ ಪುಸ್ತಕ ಬೇಕಿದ್ದರೆ ಮೊದಲು ಗ್ರಂಥಾಲಯದಲ್ಲಿ ಕೇಳಿ; ಅಲ್ಲಿ ಇಲ್ಲದಿದ್ದರೆ ತರಿಸಲು ಬೇಡಿಕೆ ಬರೆದು ಕೊಡಿ.

ಬಡ ವಿದ್ಯಾರ್ಥಿಯ ಓದಿಗೆ ಕಾನೂನು ಬಾಗಿಲು ತೆರೆದಿಟ್ಟಿದೆ. ಆ ಬಾಗಿಲು ಎಷ್ಟು ಅಗಲವೆಂದು ತಿಳಿದವರಿಗೆ ಹೆದರಿಕೆಯೂ ಇಲ್ಲ, ಕದಿಯುವ ಅಗತ್ಯವೂ ಇಲ್ಲ.