ಆಫೀಸಿನ ಕಂಪ್ಯೂಟರ್ ಮೇಲೆ ಕಣ್ಣಿಡುವ ಮುನ್ನ

ಕುಳಗೇರಿ ಕ್ರಾಸಿನಿಂದ ಬಾದಾಮಿ, ಹುನಗುಂದ, ಇಳಕಲ್ಲಿನವರೆಗೆ ಪತ್ತಿನ ಸಹಕಾರಿ ಸಂಘಗಳಿಗೂ ಸೀರೆ ವ್ಯಾಪಾರಿಗಳಿಗೂ ಕಂಪ್ಯೂಟರ್, ನೆಟ್ ಕೂಡಿಸಿ ಕೊಡುವುದು ನನ್ನ ಕೆಲಸ. ಎಲ್ಲ ಕಡೆ ಕೇಳುವ ಮಾತು ಒಂದೇ: "ಹುಡುಗೂರು ದಿನಾ ಯೂಟ್ಯೂಬ್ ನೋಡ್ತಾವ್ರಿ, ಏನರ ಹಾಕಿಕೊಡ್ರಿ."

೧. ತೊಂದರೆ ಯಾವುದೆಂದು ಮೊದಲು ಕೇಳಿಕೊಳ್ಳಿ. ನೆಟ್ ನಿಧಾನವೋ, ವೈರಸ್ಸೋ, ಕೆಲಸ ಉಳಿಯುತ್ತಿದೆಯೋ? ಮೂರನೆಯದಕ್ಕೆ ಸಾಫ್ಟ್‌ವೇರ್ ಮದ್ದಲ್ಲ. ಯಾವ ಕೆಲಸ ಯಾರದು, ಎಂದಿಗೆ ಮುಗಿಯಬೇಕು ಎಂದು ಕೂತು ಮಾತಾಡಬೇಕು.

೨. ಸಣ್ಣ ಆಫೀಸಿಗೆ ರೌಟರಿನಲ್ಲಿ ಡಿಎನ್‌ಎಸ್ (ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿದರೆ ಬಹುಪಾಲು ಸಾಕು. ಕ್ಲೌಡ್‌ಫ್ಲೇರ್ ಕಂಪನಿ 2020ರಲ್ಲಿ ತೆರೆದ 1.1.1.3 ಎಂಬ ವಿಳಾಸ ವೈರಸ್ ಹರಡುವ ತಾಣಗಳನ್ನೂ ಅಶ್ಲೀಲ ತಾಣಗಳನ್ನೂ ಪುಕ್ಕಟೆ ತಡೆಯುತ್ತದೆ. ಬ್ರೌಸರಿನ 'ಸೆಕ್ಯೂರ್ ಡಿಎನ್‌ಎಸ್' ಬೇರೆ ಕಡೆ ತಿರುಗಿದ್ದರೆ ಈ ತಡೆ ಹಾರಿಹೋಗುತ್ತದೆ. ಸಿಬ್ಬಂದಿಗೆ ಅಡ್ಮಿನ್ ಖಾತೆ ಕೊಡದೆ ಆ ಸೆಟ್ಟಿಂಗನ್ನು ಬಂದ್ ಮಾಡಿಡಿ. ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿಕೊಂಡವರನ್ನು ರೌಟರ್ ಹಿಡಿಯಲಾರದು.

೩. ತಡೆಯುವ ಪಟ್ಟಿಗಿಂತ ಬಿಡುವ ಪಟ್ಟಿ ಮೊದಲು ಬರೆಯಿರಿ. ವಿಭಾಗವಾರು ತಡೆಯುವ ಫಿಲ್ಟರ್ ಹಾಕಿ 'ಶಾಪಿಂಗ್' ವಿಭಾಗವನ್ನು ಕಣ್ಣುಮುಚ್ಚಿ ಬಂದ್ ಮಾಡಿದರೆ ಇಳಕಲ್ ಸೀರೆ ಮಾರುವವರ ಸ್ವಂತ ಮಳಿಗೆಯೇ ತೆರೆಯದು. ಭೂಮಿ, ಕಾವೇರಿ 2.0, ಸೇವಾ ಸಿಂಧು, ಬ್ಯಾಂಕುಗಳ ತಾಣಗಳನ್ನು ಮೊದಲ ದಿನವೇ ಒಂದೊಂದಾಗಿ ತೆರೆದು ನೋಡಿ. ಉತಾರ ತೆಗೆಸಲು ಬಂದ ರೈತ ನಿಮ್ಮ ಫಿಲ್ಟರಿನ ದೆಸೆಯಿಂದ ಬಸ್ ತಪ್ಪಿಸಿಕೊಳ್ಳಬಾರದು.

೪. ಒತ್ತಿದ ಪ್ರತಿ ಕೀಲಿಯನ್ನೂ ಬರೆದಿಡುವ ಸಾಫ್ಟ್‌ವೇರ್ ಬೇಡವೇ ಬೇಡ. ಅದು ಗುಮಾಸ್ತನ ಹರಟೆಯ ಜತೆಗೆ ಸಂಘದ ಖಾತೆಗಳ ಪಾಸ್‌ವರ್ಡನ್ನೂ ದಾಖಲಿಸುತ್ತದೆ. ಆ ಕಡತ ಒಮ್ಮೆ ಕಳ್ಳರ ಕೈಗೆ ಸಿಕ್ಕರೆ ಠೇವಣಿದಾರರ ದುಡ್ಡಿಗೇ ಕುತ್ತು. ಇಷ್ಟಾಗಿಯೂ ಕನ್ನಡ ಅದಕ್ಕೆ ತಿಳಿಯುವುದಿಲ್ಲ. ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲಿ 'ಹತ್ತಿ' ಎಂದು ಬರೆದರೆ ದಾಖಲಾಗುವುದು ಎಚ್, ಟಿ, ಎಫ್, ಟಿ, ಐ ಎಂಬ ಐದು ಕೀಲಿ. ಗೊತ್ತಿಲ್ಲದ ಮ್ಯಾನೇಜರ್ ಅದನ್ನು ಗುಪ್ತ ಸಂಕೇತವೆಂದು ಅನುಮಾನಿಸಿದರೆ ಬಡ ಗುಮಾಸ್ತನ ಗತಿಯೇನು?

೫. ನೋಡುವುದನ್ನು ಹೇಳಿಯೇ ನೋಡಿ. ನಮ್ಮ ರಾಜ್ಯದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಮುಂದಿನ ತಿಂಗಳೇ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ರುಮೇನಿಯಾದ ಬರ್ಬುಲೆಸ್ಕು ಎಂಬ ನೌಕರನ ಪ್ರಕರಣದಲ್ಲಿ, ಎಷ್ಟರ ಮಟ್ಟಿಗೆ ನೋಡುತ್ತೇವೆಂದು ಮುಂಚಿತವಾಗಿ ತಿಳಿಸದೆ ಅವನ ಸಂದೇಶ ಓದಿದ್ದು ಸರಿಯಲ್ಲವೆಂಬ ತೀರ್ಪು ಕೊಟ್ಟಿತು. ನಮ್ಮ 2023ರ ದತ್ತಾಂಶ ರಕ್ಷಣಾ ಕಾಯ್ದೆಯ 7ನೇ ಕಲಮು, ಸಂಸ್ಥೆಗೆ ನಷ್ಟವಾಗದಂತೆ ಕಾಯಲು ನೌಕರರ ಮಾಹಿತಿ ಬಳಸುವುದಕ್ಕೆ ಅವಕಾಶ ಕೊಟ್ಟಿದೆ, ನಿಜ. ಅದು ಮನೆಮಂದಿಯ ವಾಟ್ಸಾಪ್ ಓದಲು ಕೊಟ್ಟ ಪರವಾನಗಿಯಲ್ಲ. ಏನು ತಡೆದಿದ್ದೇವೆ, ಏನು ದಾಖಲಾಗುತ್ತದೆ, ಯಾರು ನೋಡುತ್ತಾರೆ ಎಂದು ಕನ್ನಡದಲ್ಲಿ ಒಂದು ಹಾಳೆ ಬರೆದು ಗೋಡೆಗೆ ಹಚ್ಚಿಸುತ್ತೇನೆ. ಪಗಾರದ ದಿನ ಎಲ್ಲರೆದುರು ಓದಿಸುತ್ತೇನೆ.

೬. ದಾಖಲೆಗೂ ಗಡುವಿರಲಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನ ಲಾಗ್‌ಗಳನ್ನು 180 ದಿನ ಇಡಲು ಹೇಳುತ್ತದೆ. ಅದಕ್ಕಿಂತ ಹಳೆಯದನ್ನು ಅಳಿಸಿಬಿಡಿ.

೭. ಅಧ್ಯಕ್ಷರ ಕಂಪ್ಯೂಟರಿಗೂ ಅದೇ ಫಿಲ್ಟರ್. "ನಂದೊಂದು ಬಿಡ್ರಿ" ಅಂದವರ ಕೆಲಸ ನಾನು ಹಿಡಿಯುವುದಿಲ್ಲ.