ಗುಂಡನಿಲ್ಲದ ನಗೆಸಂಜೆ

ಕನ್ನಡದ ನಗೆ ವೇದಿಕೆಯಲ್ಲಿ ಗಂಡ-ಹೆಂಡತಿ ಜಗಳವಾಡಿದರೆ ಆ ಗಂಡನ ಹೆಸರು ಬಹುಮಟ್ಟಿಗೆ ಗುಂಡ. ಬೀಚಿಯವರಿಗೆ ತಿಂಮನಿದ್ದ. ಬೀಚಿಯೇ ಸ್ಫೂರ್ತಿ ಎನ್ನುವ ಗಂಗಾವತಿ ಪ್ರಾಣೇಶರು ಅವನನ್ನು ಊರೂರಿಗೆ ಕರೆದೊಯ್ದರು. ಪೆಟ್ಟೆಲ್ಲ ಗುಂಡ-ತಿಂಮರಿಗೆ; ಹೇಳಿದವರ ಮನೆಯಲ್ಲಿ ರಾತ್ರಿ ಊಟಕ್ಕೆ ತೊಂದರೆಯಿಲ್ಲ.

ಸ್ಟ್ಯಾಂಡ್‌ಅಪ್ ಬಂದು ಗುಂಡನ ಕೆಲಸ ಕಿತ್ತುಕೊಂಡಿತು. ಬೆಂಗಳೂರಿನ ಲೋಲ್‌ಬಾಗ್ ತಂಡದಂಥವರು ಕನ್ನಡದಲ್ಲೇ ಮೈಕ್ ಹಿಡಿದಾಗ ಮಾತು 'ನಮ್ಮಪ್ಪ', 'ನಮ್ಮಮ್ಮ'ನ ಸುತ್ತ ತಿರುಗತೊಡಗಿತು. ಬೆಂಗಳೂರಿನ ಸಭಾಂಗಣದಲ್ಲಿ ಆ ಅಪ್ಪ ಯಾರೆಂದು ಯಾರಿಗೂ ಗೊತ್ತಿಲ್ಲ. ನಮ್ಮ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಹಾಗಲ್ಲ. ಗಣಪತಿ ಪೆಂಡಾಲಿನಲ್ಲಿ ನಾನು 'ನಮ್ಮತ್ತೆ' ಎಂದರೆ ಸಾಕು, ಸುತ್ತಲಿನ ತಲೆಗಳು ಅವರತ್ತ ತಿರುಗುತ್ತವೆ. ಬೆಳಗಾದರೆ ಬಟ್ಟೆ ಅಂಗಡಿಯವರೂ ಕೇಳುತ್ತಾರೆ: "ಏನಮ್ಮ, ಅಳಿಯಂದ್ರು ಹೇಳಿದ್ದು ನಿಜಾನಾ?"

ಹಾಗಾಗಿ ನನ್ನ ಬರಹದ ಮೊದಲ ಪ್ರದರ್ಶನ ಮನೆಯ ಹಜಾರದಲ್ಲೇ. ಅಲ್ಲಿ ಕತ್ತರಿ ಆಡುವುದು ಎಲ್ಲಿ ಎಂಬುದೇ ಪಾಠ. "ಕವರೊಳಗೆ ಕವರು ತುಂಬಿಡ್ತೀನಿ ಅನ್ನೋದು ಹೇಳ್ಕೋ, ನಿನ್ನಕ್ಕನ ಮದುವೆ ಮುರಿದಿದ್ದು ಬೇಡ" ಎಂದರು ಅಮ್ಮ. ಚಾಳಿಯನ್ನು ಆಡಿಕೊಂಡರೆ ಆ ಮನುಷ್ಯರೂ ನಗುತ್ತಾರೆ. ನೋವನ್ನು ಆಡಿಕೊಂಡರೆ ಬೇರೆಯವರು ಮಾತ್ರ.

ಇದು ನಮ್ಮೂರಿನ ಸಂಕೋಚ ಮಾತ್ರವಲ್ಲ. ಅಮೆರಿಕದ ಫಿಲಿಸ್ ಡಿಲ್ಲರ್ 1955ರಲ್ಲಿ, ಐದು ಮಕ್ಕಳ ತಾಯಿಯಾಗಿದ್ದಾಗ ವೇದಿಕೆ ಹತ್ತಿದವರು. ಗಂಡನಿಗೆ 'ಫ್ಯಾಂಗ್' ಎಂದು ಹೆಸರಿಟ್ಟು ನಗಿಸಿದರು. ವಿಚ್ಛೇದನದ ನಂತರ ನಿಜವಾದ ಗಂಡನ ತಾಯಿ ಮತ್ತು ಸಹೋದರಿ ಕೋರ್ಟಿಗೇ ಹೋದರು. ಫ್ಯಾಂಗನ ಮನೆಯವರೆಲ್ಲ ಕಲ್ಪನೆ ಎಂಬುದೇ ಡಿಲ್ಲರ್ ವಾದವಾಗಿತ್ತು. ಗುಂಡನಿದ್ದರೂ ಪೂರ್ತಿ ರಕ್ಷಣೆಯಿಲ್ಲ ಎಂದಾಯಿತು!

ಡಿಲ್ಲರ್ ಹುಟ್ಟಿದ 1917ರಲ್ಲೇ ಹುಟ್ಟಿದವರು ನಮ್ಮ ಟಿ. ಸುನಂದಮ್ಮ. ಡಾ. ಎಂ. ಶಿವರಾಂ, ಅಂದರೆ ರಾಶಿ, 1942ರಲ್ಲಿ ಆರಂಭಿಸಿದ 'ಕೊರವಂಜಿ' ಹಾಸ್ಯ ಪತ್ರಿಕೆಯಲ್ಲಿ ಬರೆದು ಹೆಸರಾದರು. ಸಂಸಾರವನ್ನು ಗೃಹಿಣಿಯ ಕಡೆಯಿಂದ ನೋಡಿ ನಗಿಸಿದರು. ಹೆಂಡತಿಯನ್ನು ಬೈದೇ ಚಪ್ಪಾಳೆ ಗಿಟ್ಟಿಸುವ ನಗೆ ಭಾಷಣಗಳನ್ನು ಕೇಳಿ ಬೆಳೆದ ನನಗೆ ಅವರ ಬರಹ ತೋರಿಸಿದ್ದು ಇನ್ನೊಂದು ದಾರಿ: ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರನ್ನು ಆರಿಸಿಕೋ.

ಹಾಗೆ ಆರಿಸಹೊರಟಾಗ ನನಗೆ ಸಿಕ್ಕಿದ್ದು ಭದ್ರಾವತಿಯ ಕಾರ್ಖಾನೆ ಅಪ್ಪಂದಿರು. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಊರಿನಲ್ಲಿ ಪಾಳಿ ಎಂದರೆ ಮನೆಯ ಪಂಚಾಂಗ. ನೈಟ್ ಶಿಫ್ಟ್ ಮುಗಿಸಿ ಅಪ್ಪ ಮಲಗಿದರೆ ಹಗಲಿಡೀ ಪಿಸುಮಾತು. ಮಕ್ಕಳು ಜಗಳವಾಡುವುದೂ ಕೈಸನ್ನೆಯಲ್ಲೇ. ಕುಕ್ಕರ್ ಕೂಗುವ ಮುಂಚೆಯೇ ಅಮ್ಮ ಸೌಟಿನಿಂದ ವೆಯ್ಟ್ ಎತ್ತಿ ಆವಿ ಬಿಡಬೇಕು. ಸಂಜೆ ಎದ್ದ ಅಪ್ಪನ ಮೊದಲ ಮಾತು: "ಏನು, ಮನೇಲಿ ಯಾರೂ ಇಲ್ವಾ?"

ಈ ಭಾಗಕ್ಕೆ ದುರ್ಗಿಗುಡಿಯಲ್ಲಿ ಮೊದಲು ನಗುವವರು ಭದ್ರಾವತಿಯಿಂದ ಬಂದ ನೆಂಟರೇ. ಕಾರ್ಯಕ್ರಮ ಮುಗಿದ ಮೇಲೆ ಹಿರಿಯ ಹೆಂಗಸೊಬ್ಬರು ಬಂದು, ಮಲಗಿದ ಯಜಮಾನರು ಏಳಬಾರದೆಂದು ಬೀದಿ ತುದಿಗೇ ಹೋಗಿ ಸೊಪ್ಪಿನವನನ್ನು ತಡೆಯುತ್ತಿದ್ದ ಕಥೆ ಹೇಳಿದರು. ಇದನ್ನು ವೇದಿಕೆಯಲ್ಲಿ ಹೇಳಲೇ ಎಂದು ಕೇಳಿದೆ.

"ಧಾರಾಳವಾಗಿ ಹೇಳಿ. ಆದ್ರೆ ನಮ್ಮೆಜಮಾನ್ರು ಬಂದಿರೋ ದಿನಾನೇ ಹೇಳ್ಬೇಕು, ನೋಡಿ!"